ತುಂಬಿದ ಮನೆ

ಯಾರೂ ಬರಬೇಡಿ ಎಂದು ಬಾಯಿಬಿಟ್ಟು ಹೇಳಿದ್ದೇ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವವಳು ಮಾಡಿದ ತಪ್ಪು.

ಸೋಮವಾರಕ್ಕೆ ಅವಳ ಹೆರಿಗೆ ರಜೆ ಮುಗಿಯುತ್ತಿತ್ತು. ಗಂಡ ಲಾರಿ ಹತ್ತಿದರೆ ಹದಿನೈದು ದಿನ ಪತ್ತೆಯಿಲ್ಲ. ಕಾರ್ಖಾನೆಯ ಶಿಶುವಿಹಾರದಲ್ಲಿ ಉಳಿದಿದ್ದುದು ಒಂದೇ ತೊಟ್ಟಿಲು. ಅದೂ ಮನೆಯಲ್ಲಿ ಮಗು ನೋಡಿಕೊಳ್ಳಲು ಯಾರೂ ಇಲ್ಲದವರಿಗೆ ಮಾತ್ರ. ಅದು ತಪ್ಪಿದರೆ ಎಂಟು ವರ್ಷದ ಕೆಲಸಕ್ಕೆ ಎಳ್ಳುನೀರು ಬಿಡಬೇಕು. ಪರಿಶೀಲನೆಗೆ ಶಿಶುವಿಹಾರದ ಮೇಡಂ ಹನ್ನೊಂದಕ್ಕೆ ಬರುವವರಿದ್ದರು.

"ಹನ್ನೊಂದಕ್ಕೆ ಯಾರೋ ಬರ್ತಾರೆ ಆಂಟಿ, ಆಗ ಮಾತ್ರ ಮೇಲೆ ಬರಬೇಡಿ," ಎಂದು ಕೆಳಮನೆಯಾಕೆಗೆ ಹೇಳಿಟ್ಟಳು. ಹೇಳುವ ಅಗತ್ಯವೇ ಇರಲಿಲ್ಲ. ಸ್ನಾನ ಮುಗಿಸುವಷ್ಟು ಹೊತ್ತು ಮಗು ಎತ್ಕೊಳ್ಳಿ ಎಂದು ಆರು ತಿಂಗಳು ಗೋಗರೆದರೂ ಆಕೆ ಮಂಡಿನೋವೆಂದು ಒಂದು ಮೆಟ್ಟಿಲೂ ಹತ್ತಿದವಳಲ್ಲ.

ಹತ್ತೂವರೆಗೆ ಆ ಮಂಡಿ ಇಪ್ಪತ್ತು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿತು. "ಬರೋದು ಯಾರೇ? ಅಂಥಾ ಗುಟ್ಟೇನು?" ಹಿಂದೆಯೇ, ಹಿರಿಮಗನ ಮನೆ ಬಿಟ್ಟು ಅಲುಗದ ಅತ್ತೆ, ಜೊತೆಗೆ ನಾದಿನಿ. ಫೋನ್ ಮಾಡಿ ಕರೆಸಿದ್ದೂ ಅದೇ ಕೆಳಮನೆಯಾಕೆ.

"ದಮ್ಮಯ್ಯ, ಹೋಗ್ಬಿಡಿ! ನೀವಿದ್ರೆ ನಂಗೆ ತೊಟ್ಟಿಲು ಸಿಗಲ್ಲ!"

"ಅಯ್ಯೋ ಹುಚ್ಚಿ, ಯಾರೂ ದಿಕ್ಕಿಲ್ಲ ಅಂತ ಅರ್ಜೀಲಿ ಬರೆಸೋದಾ? ನಮ್ಮ ಮಾನ ಏನಾಗ್ಬೇಕು!" ಎಂದರು ಅತ್ತೆ.

ಬಾಗಿಲು ಬಡಿದ ಸದ್ದಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಮಗು ಅತ್ತೆಯ ಮಡಿಲಲ್ಲಿ, ಪೊರಕೆ ನಾದಿನಿಯ ಕೈಯಲ್ಲಿ, ಸೌಟು ಕೆಳಮನೆಯಾಕೆಯ ಕೈಯಲ್ಲಿ!

"ದಿನಾ ಹೀಗೇ ಮೇಡಂ," ಅತ್ತೆ ಬೀಗಿದರು. "ಸೊಸೇನ ಒಂದು ಕಡ್ಡಿ ಎತ್ತಿಡೋಕೂ ಬಿಡಲ್ಲ."

"ಸುಳ್ಳು ಮೇಡಂ! ಇವ್ರ ಮುಖ ನೋಡಿ ತಿಂಗಳುಗಳಾಯ್ತು!"

ಮಗು ಹೊಸ ಮಡಿಲು ಸಿಕ್ಕ ಖುಷಿಗೆ ಬೊಚ್ಚುಬಾಯಿ ಬಿಟ್ಟು ನಕ್ಕಿತು. ಪುಟ್ಟ ದ್ರೋಹಿ! ಮೇಡಂ ಅರ್ಜಿಯ ಮೇಲೆ ಗೀಟು ಎಳೆದರು. "ಪುಣ್ಯವಂತೆ ಕಣಮ್ಮ ನೀನು. ತೊಟ್ಟಿಲು ಪಾಪ ಯಾರೂ ಇಲ್ಲದವರಿಗೆ ಹೋಗ್ಲಿ."

ಮೇಡಂ ಗೇಟು ದಾಟಿದ್ದೇ ತಡ, ಅತ್ತೆಗೆ ಹಿರಿಮಗನ ಮನೆ ನೆನಪಾಯಿತು, ನಾದಿನಿಗೆ ಧಾರಾವಾಹಿ, ಕೆಳಮನೆಯಾಕೆಗೆ ಮಂಡಿ. ಒದ್ದೆಯಾದ ಮಗು ಅವಳ ಕೈಗೇ ವಾಪಸ್ಸು ಬಂತು. ಅವಳಿಗೆ ಅಳು ಉಕ್ಕಿತು.

ಅರ್ಧ ಗಂಟೆಗೆ ಮತ್ತೆ ಬಾಗಿಲ ಸದ್ದು. ಮೇಡಂ! ಮನಸ್ಸು ಕರಗಿತೇನೋ ಎಂದು ಇವಳು ಓಡಿದಳು. ಮೇಡಂ ಸೊಂಟದ ಮೇಲೆ ಒಂದು ಗುಂಡು ಮಗು, ಹೆಗಲಿಗೆ ಹಾಲಿನ ಬಾಟಲಿಯ ಚೀಲ.

"ನನ್ನ ಮಗ ಕಣಮ್ಮ. ತೊಟ್ಟಿಲು ಕಾರ್ಖಾನೆಯವ್ರಿಗೆ ಮಾತ್ರ, ಶಿಶುವಿಹಾರದ ನಮಗಿಲ್ಲ. ಇವನ್ನ ದಿನಾ ವಾಚ್‌ಮನ್ ಹತ್ರ ಬಿಡ್ತೀನಿ. ಹೇಗೂ ನಿಮ್ಮದು ತುಂಬಿದ ಮನೆ... ಆರಕ್ಕೆ ಬರ್ತೀನಿ, ಆಯ್ತಾ?"

ಇವಳು ಬಾಯಿ ತೆರೆಯುವಷ್ಟರಲ್ಲಿ ಮೇಡಂ ಮಗುವನ್ನು ಇವಳ ಕಂಕುಳಿಗೆ ದಾಟಿಸಿ ಮೆಟ್ಟಿಲಿಳಿದಾಗಿತ್ತು. ಎರಡು ಕಂಕುಳಲ್ಲೂ ಮಕ್ಕಳು ಒಟ್ಟಿಗೆ ಕಿರುಚಿಕೊಂಡವು.

"ಆಂಟೀ!" ಎಂದು ಕೂಗಿದಳು.

ಕೆಳಗೆ ಚಿಲಕ ಬಿದ್ದಿತು. "ಮಂಡಿ ಕಣೇ, ಮಂಡಿ!"