ಯೋರಿಸನ ಉಪವಾಸ

ಎಲ್ಲ ಕೆಟ್ಟದ್ದು ಒಂದು ಪಂದ್ಯದಿಂದ. ಮಹಾರಾಷ್ಟ್ರದ ವಾಯಿ ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹಾಲೆಂಡಿನಿಂದ ಸ್ವಯಂಸೇವಕನಾಗಿ ಬಂದ ಕಾಲೇಜು ಹುಡುಗ ಯೋರಿಸ್, ತರಗತಿಗೆ ಚಕ್ಕರ್ ಹೊಡೆಯುವ ಮಕ್ಕಳಿಗೆ ಸವಾಲು ಹಾಕಿದ್ದ. "ನಾಳೆ ಸಂಜೆ ಖೋ ಖೋದಲ್ಲಿ ಸೀಟಿ ಊದೋವರೆಗೂ ನಾನು ಔಟಾಗದಿದ್ರೆ ನೀವೆಲ್ಲ ದಿನಾ ಕ್ಲಾಸಿಗೆ ಬರ್ಬೇಕು."

"ಔಟಾದ್ರೆ?" ಎಂದಳು ಮಕ್ಕಳ ಮುಂದಾಳು ಮುಕ್ತಾ. ಮಕ್ಕಳಿಗೆಲ್ಲ ಅವನು 'ದಾದಾ', ಅಂದರೆ ಅಣ್ಣ. "ನಮ್ಮೆಲ್ಲರ ಮನೇಲೂ ಒಂದೊಂದು ರಾತ್ರಿ ಊಟ ಮಾಡ್ಬೇಕು. ಒಪ್ಪಿಗೆನಾ ದಾದಾ?"

ಇಂಡಿಯಾಕ್ಕೆ ಬಂದು ಯೋರಿಸ್ ಕಲಿತ ಮೊದಲ ಪಾಠವೇ, ಇಲ್ಲಿ 'ಸಾಕು' ಎಂದರೆ ಯಾರೂ ನಂಬುವುದಿಲ್ಲ ಎಂಬುದು. ಬಂದಾಗ ಕಡ್ಡಿಯಂತಿದ್ದವನ ಪ್ಯಾಂಟಿನ ಗುಂಡಿ ಈಗಾಗಲೇ ಎರಡು ಸಲ ಕಿತ್ತುಬಂದಿತ್ತು. ಗೆಲ್ಲಲೇಬೇಕು. ಗೆಲ್ಲಬೇಕಾದರೆ ಹೊಟ್ಟೆ ಹಗುರವಾಗಿರಬೇಕು.

ಮರುದಿನ ಬೆಳಿಗ್ಗೆ, ಅವನು ಇಳಿದುಕೊಂಡಿದ್ದ ಮನೆಯ ಒಡತಿ, ಎಲ್ಲರೂ ಕಾಕು (ಚಿಕ್ಕಮ್ಮ) ಎನ್ನುವ ಕುಸುಮ್ ಕೇಳಿದಳು: "ಇವತ್ತು ಸಂಕಷ್ಟಿ, ನಮಗೆಲ್ಲ ಉಪವಾಸ. ನಿನಗೆ ಚಪಾತಿ ಮಾಡ್ಲೇನೋ?"

ರೋಗಿ ಬಯಸಿದ್ದೂ ಹಾಲು ಅನ್ನ! "ಬೇಡ ಕಾಕು, ನಾನೂ ಉಪವಾಸ!"

ಕಾಕು ಕೆನ್ನೆ ಬಡಿದುಕೊಂಡಳು. "ಕೇಳಿದ್ರಾ, ಪರದೇಶದ ಮಗು ಗಣಪತಿ ಉಪವಾಸ ಹಿಡಿದಿದೆ!" ಮಾತು ಹಲವು ಸಂಸಾರಗಳಿದ್ದ ಆ ವಾಡೆಯ ಅಂಗಳ ದಾಟುವ ಮೊದಲೇ ಅವನ ಮುಂದೆ ತುಪ್ಪ ಸುರಿದ ಸಾಬೂದಾನಿ ಖಿಚಡಿ ಬಂತು.

"ಕಾಕು, ಉಪವಾಸ..."

"ಉಪವಾಸದ್ದೇ ಕಣೋ ಅದು! ಹೊಟ್ಟೆಗೇನೂ ಹಾಕದೆ ಉಪವಾಸ ಮಾಡೋಕಾಗುತ್ತಾ?"

ಮೆಟ್ಟಿಲಿಳಿಯುವಾಗ ಕೆಳಮನೆಯ ಬರ್ವೆ ಅಜ್ಜ ಅಡ್ಡಗಟ್ಟಿದರು. ಮೊದಲ ಉಪವಾಸದವನನ್ನು ಬರಿಗೈಲಿ ಕಳಿಸಿದರೆ ತಮಗೆ ಪಾಪವಂತೆ. ಸಿಹಿಗೆಣಸಿನ ತುರಿ, ಊದಲಕ್ಕಿ, ಅದರ ಮೇಲೆ ಶೇಂಗಾ ಸಾರು. "ಏಕಾದಶಿ ಬಂತು, ಎರಡು ಪಾಲು ತಿನ್ನು ಅಂತ ನಮ್ಮಲ್ಲಿ ಗಾದೇನೇ ಇದೆಯಪ್ಪಾ. ಸಂಕಷ್ಟಿಗೇನು ಕಮ್ಮಿ?" ಎಲ್ಲರಿಗೂ ಅತ್ತಿಗೆಯಾದ ಎದುರುಮನೆ ವೈನಿ ರಾಜಗಿರಿ ಲಾಡು ಹಿಡಿದು ಶಾಲೆಯವರೆಗೂ ಬೆನ್ನು ಹತ್ತಿದಳು. ಈ ದೇಶದಲ್ಲಿ ಉಪವಾಸ ಮಾಡುವುದಕ್ಕಿಂತ ಊಟ ಮಾಡುವುದೇ ಹೊಟ್ಟೆಗೆ ಹಗುರ ಎಂಬುದು ಯೋರಿಸನಿಗೆ ಮಧ್ಯಾಹ್ನದ ಹೊತ್ತಿಗೆ ಮನದಟ್ಟಾಯಿತು.

ಸಂಜೆ ಖೋ ಖೋದಲ್ಲಿ ಅವನು ಒಂದು ಕಂಬದವರೆಗೆ ಓಡಿ, ಅದನ್ನೇ ತಬ್ಬಿಕೊಂಡು ನಿಂತುಬಿಟ್ಟ. ಮುಕ್ತಾ ಓಡುವ ಗೋಜಿಗೂ ಹೋಗಲಿಲ್ಲ. ನಡೆದುಬಂದು ಬೆನ್ನು ತಟ್ಟಿದಳು. "ಔಟ್ ದಾದಾ. ಪಾಪ, ಉಪವಾಸ ಮಾಡಿ ಸುಸ್ತಾಗಿದ್ದೀರಿ."

ಮನೆಗೆ ಬಂದರೆ ಕಾಕು ಮೋದಕ ಬೇಯಿಸುತ್ತಿದ್ದಳು. "ಚಂದ್ರ ಕಾಣಿಸ್ಲಿ, ಉಪವಾಸ ಬಿಡೋಣ. ಮೊದಲ ಎಲೆ ನಿಂದೇ!"

ಯೋರಿಸನಿಗೆ ಅಳುವೇ ಬಂತು. ಬೈಸಿಕೊಂಡರೂ ಸರಿ, ಊಟ ತಪ್ಪಿದರೆ ಸಾಕು ಎಂದು, ಚಂದ್ರನಿಗಾಗಿ ಅಂಗಳದಲ್ಲಿ ಕಾದು ಕೂತಿದ್ದ ವಾಡೆಯವರೆಲ್ಲರ ಎದುರೇ ಬಾಯಿಬಿಟ್ಟ. "ಕಾಕು, ಕ್ಷಮಿಸಿ. ನಾನು ಸುಳ್ಳು ಹೇಳ್ದೆ. ನನ್ನದು ಉಪವಾಸ ಅಲ್ಲವೇ ಅಲ್ಲ."

ಕಾಕುವಿನ ಕೈಯ ಸೌಟು ಕೆಳಗಿಳಿಯಿತು.

"ಉಪವಾಸ ಅಲ್ವಾ?"

"ಅಲ್ಲ ಕಾಕು."

"ಅಯ್ಯೋ ದೇವರೇ! ಹಾಗಾದ್ರೆ ಈ ಮಗು ಬೆಳಗ್ಗಿಂದ ಒಂದು ತುತ್ತು ಊಟ ಮಾಡಿಲ್ಲ!"

"ಮತ್ತೆ ಅವನ್ಯಾಕೆ ಚಂದ್ರನಿಗೆ ಕಾಯ್ಬೇಕು?" ಬರ್ವೆ ಅಜ್ಜ ಗದರಿದರು. "ಈಗಲೇ ಎಲೆ ಹಾಕಿ!"

ಅನ್ನ, ಸಾರು, ಪಲ್ಯ, ಮೋದಕ ಎಲ್ಲವೂ ಒಟ್ಟಿಗೇ ಎಲೆಗೆ ಬಿದ್ದವು. ಅಷ್ಟರಲ್ಲಿ ಬಾಗಿಲಲ್ಲಿ ಮುಕ್ತಾ, ಹಿಂದೆ ಅವಳ ಅಮ್ಮ. "ದಾದಾ, ಇವತ್ತು ನಮ್ಮನೆ ಸರದಿ!"

"ಕೂತ್ಕೋ ಮುಕ್ತಾ," ಎಂದಳು ಕಾಕು, ಇನ್ನೊಂದು ಮೋದಕ ಹಾಕುತ್ತಾ. "ಇಲ್ಲಿ ಊಟ ಮುಗಿಸ್ಕೊಂಡು ಬರ್ತಾನೆ."