ನೂರ ನಲವತ್ತು ವೋಲ್ಟಿನ ಅಳಿಯ

ಬೆವರು ಸುರಿಸದೆ ಬಂದ ಉತ್ತರವನ್ನು ನಂಬುವ ಸ್ವಭಾವ ನನ್ನದಲ್ಲ. ಮಳೆ ಬರುತ್ತದೆ ಎಂದು ಮೊಬೈಲು ಹೇಳಿದರೂ ಕಿಟಕಿಯಾಚೆ ಕೈ ಚಾಚಿ ನೋಡಿಯೇ ಛತ್ರಿ ಹಿಡಿಯುತ್ತೇನೆ. ಕುಕ್ಕರು ಲೆಕ್ಕದ ಪ್ರಕಾರ ಕೂಗಿ ಸುಮ್ಮನಾದರೂ ಒಂದು ಅಗುಳು ಹಿಸುಕಿ ನೋಡದೆ ತಟ್ಟೆಯ ಮುಂದೆ ಕೂರುವುದಿಲ್ಲ. ಹೆಣ್ಣು ನೋಡಲು ಹೋದ ದಿನ, ಉಪ್ಪಿಟ್ಟು ಮಾಡಿದ್ದು ನೀವೇನಾ ಎಂದು ಎರಡೆರಡು ಸಲ ಕೇಳಿದ್ದನ್ನು ನನ್ನ ಹೆಂಡತಿ ಗಿರಿಜ ಇನ್ನೂ ಮರೆತಿಲ್ಲ. ನನ್ನನ್ನು ಕಟ್ಟಿಕೊಂಡಿದ್ದಕ್ಕೆ ಪ್ರತಿ ಊಟವೂ ಪರೀಕ್ಷೆಯಾಗಿಬಿಟ್ಟಿದೆ ಎಂಬುದು ಅವಳ ದೂರು.

ನನ್ನ ಕೆಲಸ ತುಮಕೂರಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ. ನಾವು ಪವರ್ ಸಪ್ಲೈ ಮಾಡುತ್ತೇವೆ ಎಂದರೆ ನೆಂಟರು, ಹಾಗಾದರೆ ನಮ್ಮ ಬೀದಿಗೆ ಕರೆಂಟು ಯಾವಾಗ ಬರುತ್ತದೆ ಎಂದು ಕೇಳುತ್ತಾರೆ. ಅದಲ್ಲ. ಗೋಡೆಯ ಪ್ಲಗ್ಗಿನಿಂದ ಬರುವ ಒರಟು ಕರೆಂಟನ್ನು ಪಳಗಿಸಿ, ನಾಜೂಕಾದ ಯಂತ್ರಗಳಿಗೆ ಬೇಕಾದಷ್ಟೇ ಕೊಡುವ ಡಬ್ಬಿ ಅದು. ಅದರೊಳಗೆ ಯಾವ ಭಾಗ ಎಷ್ಟು ದೊಡ್ಡದಿರಬೇಕೆಂದು ಹೇಳಲು ಈಗ ಸಾಫ್ಟ್‌ವೇರ್ ಇದೆ. ಪರದೆಯ ಮೇಲಿನ ನಾಲ್ಕಾರು ಖಾನೆ ತುಂಬಿ ಗುಂಡಿ ಒತ್ತಿದರೆ ಸಾಕು, ಕಾಲೇಜಿನಲ್ಲಿ ನಾವು ಇಡೀ ಮಧ್ಯಾಹ್ನ ತಲೆ ಕೆರೆದುಕೊಂಡು ಮಾಡುತ್ತಿದ್ದ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ನಿಲ್ಲುತ್ತದೆ. ಮೊದಲ ಸಲ ನೋಡಿದಾಗ ದೊಡ್ಡವರು ಬಂದರೆ ಏಳುವ ಹಾಗೆ ಕುರ್ಚಿಯಿಂದ ಎದ್ದು ನಿಂತಿದ್ದೆ. ಇವತ್ತಿಗೂ ಆ ಗುಂಡಿ ಒತ್ತುವಾಗ ಬಾಯಲ್ಲಿ ತಾನಾಗಿ 'ಶಿವಾ' ಎಂದು ಬರುತ್ತದೆ. ಆದರೂ ಚಾಳಿ ಬಿಡಬೇಕಲ್ಲ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬೆನ್ನಿನ ಮೇಲೆ ಅದೇ ಲೆಕ್ಕವನ್ನು ನಾನೂ ಒಮ್ಮೆ ಕೈಯಲ್ಲಿ ಮಾಡುತ್ತೇನೆ. ಯಾರ ಯಾರದೋ ಮದುವೆಯ ಹಿಂದೆ ನನ್ನ ಕೆಪಾಸಿಟರುಗಳು ಕೂತಿವೆ.

ಈ ಚಾಳಿಯ ಖ್ಯಾತಿ ಕುಣಿಗಲ್ ತಾಲ್ಲೂಕಿನವರೆಗೂ ಹರಡಿದ್ದೇ ಎಡವಟ್ಟಾಯಿತು. ಗಿರಿಜಳ ತಂದೆ, ಅಂದರೆ ನನ್ನ ಮಾವ, ಅಮೃತೂರಿನ ಆಚೆಯ ಒಂದು ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಅಲ್ಲಿ ದರ ಕಟ್ಟಲು ಹಾಲಿನ ಕೊಬ್ಬಿನಂಶ, ಅಂದರೆ ಫ್ಯಾಟ್, ನೋಡುವ ಮೆಷಿನ್ನು ದಿನಾ ಸಂಜೆ ಹಾಲು ಹಾಕುವ ಹೊತ್ತಿಗೇ ಸರಿಯಾಗಿ, ಅದಕ್ಕೆ ಕರೆಂಟು ಕೊಡುವ ಡಬ್ಬಿ ಕೈಕೊಟ್ಟು, ಕಣ್ಣು ಮುಚ್ಚುತ್ತಿತ್ತು. ಮೆಷಿನ್ನು ಸತ್ತರೆ ಎಲ್ಲರ ಹಾಲಿಗೂ ಅಂದಾಜಿನ ಫ್ಯಾಟು. ಗಟ್ಟಿ ಹಾಲು ತಂದವನಿಗೆ ಸಿಟ್ಟು, ನೀರು ಹಾಲು ತಂದವನಿಗೆ ಹಬ್ಬ. ಬೈಗುಳ ಮಾತ್ರ ಸೆಕ್ರೆಟರಿಗೆ. ಮಾವನವರು ಒಂದು ದಿನ ಸಾಲಿನಲ್ಲಿ ನಿಂತ ಎಲ್ಲರ ಮುಂದೆ, ನಮ್ಮಳಿಯ ಹೊಸ ಡಬ್ಬಿ ಮಾಡಿಕೊಡ್ತಾನೆ, ಅವನು ಕಂಪ್ಯೂಟರಿನ ತಪ್ಪನ್ನೇ ಹಿಡಿಯೋನು ಎಂದುಬಿಟ್ಟರು. ಆ ಡಬ್ಬಿಯೂ ಕೈಕೊಟ್ಟರೆ ಅವರು ಆ ಊರಿನಲ್ಲಿ, ನಾನು ಆ ಮನೆಯಲ್ಲಿ ತಲೆ ಎತ್ತುವಂತಿರಲಿಲ್ಲ.

ಕಾರ್ಖಾನೆಯವರ ಒಪ್ಪಿಗೆ ಪಡೆದು ಕೂತೆ. ಡಬ್ಬಿಯಲ್ಲಿ ಮುಖ್ಯವಾದದ್ದು ಒಂದು ಕೆಪಾಸಿಟರ್. ಕರೆಂಟು ಏರಿಳಿಯುವಾಗ ಮಧ್ಯೆ ಕಡಿಮೆ ಬೀಳದಂತೆ ತುಂಬಿಟ್ಟುಕೊಳ್ಳುವ ತೊಟ್ಟಿ ಎಂದುಕೊಳ್ಳಿ. ಬರುವ ಕರೆಂಟು ಕಡಿಮೆಯಾದಷ್ಟೂ ತೊಟ್ಟಿ ದೊಡ್ಡದು ಬೇಕು, ಸಣ್ಣದಾದರೆ ಮೆಷಿನ್ನಿಗೆ ಉಪವಾಸ. ಲಗ್ನಪತ್ರಿಕೆಯ ಮೇಲೆ ನನ್ನ ಲೆಕ್ಕ ತೊಟ್ಟಿಯ ಅಳತೆ ಅರವತ್ನಾಲ್ಕು ಮೈಕ್ರೋಫ್ಯಾರಡ್ ಎಂದಿತು. ಸಾಫ್ಟ್‌ವೇರ್ ಮೂವತ್ಮೂರು ಎಂದಿತು. ತಪ್ಪು ಯಾರದೆಂದು ಹುಡುಕುವ ಪ್ರಶ್ನೆಯೇ ಇರಲಿಲ್ಲ, ನನ್ನದೇ. ನೋಡಿದರೆ ಬರುವ ಕರೆಂಟು ಕಡಿಮೆಯೆಂದರೆ ನೂರ ತೊಂಬತ್ತೈದು ವೋಲ್ಟ್ ಎಂದು ಸಾಫ್ಟ್‌ವೇರು ತಾನಾಗಿಯೇ ಹಿಡಿದಿತ್ತು. ನಾನು ನೂರ ನಲವತ್ತು ಎಂದು ಬರೆದಿದ್ದೆ. ನಾಚಿಕೆಯಾಗಿ ಹೊಡೆದುಹಾಕಿ ನೂರ ತೊಂಬತ್ತೈದು ಮಾಡಿದೆ. ಮೂವತ್ಮೂರು ಬಂತು, ಚಾಚೂ ತಪ್ಪದೆ. ಆ ಹೊಂದಾಣಿಕೆಯನ್ನು ಕಂಡು ಮೈ ಜುಮ್ಮೆಂದಿತು. ಸಿಕ್ಕಸಿಕ್ಕವರಿಗೆಲ್ಲ ಲಗ್ನಪತ್ರಿಕೆ ತೋರಿಸಿಕೊಂಡು ಬಂದೆ.

ಕೊನೆಗೆ ಸಿಕ್ಕವಳು ಪಕ್ಕದ ಮೇಜಿನ ಎಂಜಿನಿಯರ್ ಶಬಾನಾ. ಗುಬ್ಬಿಯಿಂದ ದಿನಾ ಓಡಾಡುವವಳು. ಅವಳು ಮೂವತ್ಮೂರನ್ನು ನೋಡಲೇ ಇಲ್ಲ. ಹೊಡೆದುಹಾಕಿದ್ದನ್ನು ನೋಡಿ, ಈ ನೂರ ನಲವತ್ತು ಎಲ್ಲಿಂದ ಬಂತು ಎಂದು ಕೇಳಿದಳು. ನಾನು ನಕ್ಕು, ನಮ್ಮೂರು ಸಿ.ಎಸ್. ಪುರದ ಕಡೆ ಅಲ್ಲವೇ, ತೋಟಗಳ ಪಂಪ್‌ಸೆಟ್ಟೆಲ್ಲ ಒಟ್ಟಿಗೆ ಶುರುವಾದರೆ ಮನೆಯ ಬಲ್ಬು ಅಷ್ಟಕ್ಕಿಳಿದು ಕೆಂಪಗಾಗುತ್ತಿತ್ತು, ಹಳೆಯ ಅಭ್ಯಾಸದಲ್ಲಿ ಕೈ ಬರೆದುಬಿಟ್ಟಿತು ಎಂದೆ.

"ಅಮೃತೂರಲ್ಲಿ ಪಂಪ್‌ಸೆಟ್ ಇಲ್ವಾ ಸರ್?" ಎಂದಳು.

ನಾನು ಅಲ್ಲಿಂದಲೇ ಮಾವನವರಿಗೆ ಫೋನು ಮಾಡಿ, ಸಂಜೆ ಹಾಲಿನ ಹೊತ್ತಿಗೆ ಡೈರಿಯ ಸ್ಟೆಬಿಲೈಜರಿನಲ್ಲಿ ಬರುವ ವೋಲ್ಟ್ ತೋರಿಸುವ ಮುಳ್ಳು ಎಲ್ಲಿರುತ್ತದೆ ನೋಡಿ ಹೇಳಿ ಎಂದೆ. ಸಂಜೆ ಅವರೇ ಕರೆದರು. "ನೂರ ನಲವತ್ತರ ಮೇಲೆ ಏಳಾಕೇ ಆಗ್ದಂಗೆ ಒದ್ದಾಡ್ತೈತೆ ಅಳಿಯಂದ್ರೆ. ಯಾಕೆ, ಲೆಕ್ಕ ಸರಿ ಬರ್ಲಿಲ್ವಾ?"

ಲೆಕ್ಕ ಮೊದಲೇ ಸರಿ ಬಂದಿತ್ತು, ನಾನೇ ತಿದ್ದಿ ಕೆಡಿಸಿದ್ದೆ ಎಂದು ಹೇಳುವುದು ಹೇಗೆ? ಪರೀಕ್ಷೆ ಮಾಡುತ್ತೇನೆಂದು ಬೀಗುತ್ತಿದ್ದವನು, ಪಕ್ಕದವನ ಉತ್ತರ ನೋಡಿ ನನ್ನದನ್ನು ತಿದ್ದಿಕೊಂಡಿದ್ದೆ. ಸಾಫ್ಟ್‌ವೇರಿನ ಖಾನೆಯಲ್ಲಿ ನೂರ ನಲವತ್ತು ತುಂಬಿ ಶಿವಾ ಎಂದು ಗುಂಡಿ ಒತ್ತಿದೆ. ಅರವತ್ನಾಲ್ಕು. ಯಾರದೋ ಮದುವೆಯ ಬೆನ್ನ ಮೇಲೆ ಲೀಕಾಗುವ ಪೆನ್ನಿನಲ್ಲಿ ನಾನು ಗೀಚಿದ್ದೂ, ಎಲ್ಲಿಯೋ ಕೂತ ಪುಣ್ಯಾತ್ಮರು ಬರೆದಿಟ್ಟ ಸಾಫ್ಟ್‌ವೇರು ಹೇಳಿದ್ದೂ, ನಮ್ಮೂರಿನ ಕೆಂಪು ಬಲ್ಬಿಗೆ ಗೊತ್ತಿದ್ದೂ ಒಂದೇ ಆಗಿತ್ತು. ನಿಜ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು. ಲೋಕದಲ್ಲಿ ಇಷ್ಟೊಂದು ಒಪ್ಪಂದವಿದೆಯೆಂದು ನನಗೆ ಗೊತ್ತಿರಲಿಲ್ಲ. ಅಂದಿನಿಂದ ನನ್ನ ಕೈಲೆಕ್ಕ ಮುಗಿಯುವವರೆಗೆ ಶಬಾನಾ ನನ್ನ ಪರದೆಯನ್ನು ಆರಿಸಿಡುತ್ತಾಳೆ.

ಡಬ್ಬಿ ತಯಾರಾಗಿ ಡೈರಿಗೆ ಹೋಯಿತು, ಜೊತೆಗೆ ನಾನೂ ಗಿರಿಜಳೂ ಹೋದೆವು. ಸಂಜೆ ಪಂಪ್‌ಸೆಟ್ಟುಗಳು ಗೊರಗೊರ ಎಂದವು, ಟ್ಯೂಬ್‌ಲೈಟು ಪಕಪಕ ಎಂದು ಆರಿತು, ಮುಳ್ಳು ನೂರ ನಲವತ್ತಕ್ಕೆ ಕುಸಿಯಿತು. ಮೆಷಿನ್ನು ಮಾತ್ರ ಕಣ್ಣು ಬಿಟ್ಟುಕೊಂಡೇ ಕೂತಿತ್ತು. ಒಬ್ಬೊಬ್ಬರ ಹಾಲಿಗೂ ನಿಜವಾದ ಫ್ಯಾಟು ಬಂತು. ಸಾಲಿನಲ್ಲಿದ್ದವರು ನನ್ನನ್ನು ನೋಡಿದ ನೋಟಕ್ಕೆ ಮಾವನವರು ಮೀಸೆ ತಿರುವಿದರು. ಕೊನೆಗೆ ಅವರದೇ ಹಸುವಿನ ಹಾಲು ಬಂತು. ಮೆಷಿನ್ನು ತೋರಿಸಿದ ಫ್ಯಾಟು ಇಡೀ ಸಾಲಿನಲ್ಲೇ ಕಡಿಮೆ.

ಮಾವನವರು ನನ್ನನ್ನು ಕ್ಯಾನುಗಳ ಹಿಂದಕ್ಕೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು. "ಮೆಷಿನ್ ಹೇಳಿದ್ನೆಲ್ಲ ನಂಬಬಾರ್ದು ಅಂತ ನೀವೇ ಅಂತೀರಲ್ಲ ಅಳಿಯಂದ್ರೆ. ನಮ್ಮ ಹಾಲಿಗೂ ಒಂದು ಕೈಲೆಕ್ಕ ಹಾಕಿ ನೋಡಿ."

ಹಾಲು ಕಲಕಿ ಮತ್ತೆ ಇಟ್ಟೆ. ಅದೇ ಅಂಕಿ ಬಂತು. ಮುಳ್ಳು ನೋಡಿದೆ, ಡಬ್ಬಿ ಮುಟ್ಟಿ ನೋಡಿದೆ, ಎಲ್ಲವೂ ಸರಿಯಾಗಿತ್ತು. ಜೀವಮಾನದಲ್ಲಿ ಮೊದಲ ಸಲ ನನ್ನ ಬಾಯಲ್ಲಿ ಆ ಮಾತು ಬಂತು: "ಮೆಷಿನ್ ಹೇಳಿದ್ದು ಸರಿಯಾಗೇ ಐತೆ ಮಾವ."

ಊಟಕ್ಕೆ ಕೂತಾಗ ಎಂದಿನ ಗಟ್ಟಿ ಮೊಸರು ನನ್ನ ಎಲೆಯತ್ತ ಬರಲಿಲ್ಲ. ಬಂದದ್ದು ಮಜ್ಜಿಗೆ. ಅದರ ಫ್ಯಾಟು ತಿಳಿಯಲು ಮೆಷಿನ್ನೂ ಬೇಕಿರಲಿಲ್ಲ, ಕೈಲೆಕ್ಕವೂ ಬೇಕಿರಲಿಲ್ಲ.