ಎಂಬತ್ತು ಸೆಂಟು ಮಳೆ ಮತ್ತು ಲೀಲಾಳ ಲಾನು

ಕೊಡಗಿನಲ್ಲಿ ಕಾಫಿ ಬೆಳೆಯುವ ಗಂಡಸಿಗೆ ಗೊಬ್ಬರದ ವಿಷಯದಲ್ಲಿ ಯಾರೂ ಬುದ್ಧಿ ಹೇಳಬಾರದು. ಹೆಂಡತಿಯಂತೂ ಹೇಳಲೇಬಾರದು. ಅವನು ಹುಟ್ಟುವಾಗಲೇ ಎಲ್ಲ ಕಲಿತು ಬಂದಿರುತ್ತಾನೆ. ನಾನೂ ಹಾಗೆ ಬಂದವನೇ. ಗಾಳಿಬೀಡಿನ ನಮ್ಮ ಮನೆ ಮುಂದೆ ನನ್ನ ಹೆಂಡತಿ ಲೀಲಾ ಕಷ್ಟಪಟ್ಟು ಒಂದು ಲಾನು ಬೆಳೆಸಿದ್ದಳು, ಅಂಚಿಗೆ ಗುಲಾಬಿ. ಬೇಸಿಗೆಯಲ್ಲಿ ಮಹಿಳಾ ಸಂಘದವರು ಮನೆತೋಟಗಳ ಸ್ಪರ್ಧೆ ನಡೆಸುತ್ತಾರೆ. ಪ್ರತಿ ಸಲವೂ ಮೊದಲ ಬಹುಮಾನ ಪಕ್ಕದ ಮನೆಯ ಕಾವೇರಮ್ಮನಿಗೆ, ಸಮಾಧಾನಕರ ಬಹುಮಾನ ಲೀಲಾಳಿಗೆ. ಆ ಸಮಾಧಾನದ ಸ್ಟೀಲ್ ಡಬ್ಬಿಗಳಲ್ಲೇ ನಮ್ಮ ಬೇಳೆಕಾಳುಗಳೆಲ್ಲ ಕೂತಿವೆ. "ಈ ಸಲವಾದರೂ ಗೆಲ್ಲಬೇಕು ಕಣ್ರೀ," ಎಂದಳು. ಏನನ್ನೂ ಹಾಗೆ ಬಾಯಿಬಿಟ್ಟು ಕೇಳುವವಳಲ್ಲ. ನಾನೇ ಗೆಲ್ಲಿಸಿಕೊಡುತ್ತೇನೆ ಎಂದುಬಿಟ್ಟೆ.

ಅವಳ ಲೆಕ್ಕದಲ್ಲಿ ಹುಲ್ಲಿಗೆ ಬೇಕಾದದ್ದು ಜರಡಿ ಹಿಡಿದ ಹಟ್ಟಿಗೊಬ್ಬರ, ತೆಳ್ಳಗೆ ಉದುರಿಸಿ ಮೇಲೊಂದಿಷ್ಟು ಪೈಪಿನ ನೀರು. ಇದರಲ್ಲಿ ಗಂಡಸಿನ ಪ್ರತಾಪ ತೋರಿಸಲು ಜಾಗವೆಲ್ಲಿದೆ? ಗೋದಾಮಿನಲ್ಲಿ ಕಾಫಿಗೆ ತಂದ ಯೂರಿಯಾ ಉಳಿದಿತ್ತು. ಹಸಿರಾಗಲು ಯೂರಿಯಾ, ಇನ್ನಷ್ಟು ಹಸಿರಾಗಲು ಇನ್ನಷ್ಟು ಯೂರಿಯಾ ಎಂಬುದು ನನ್ನ ಶಾಸ್ತ್ರ. ಬಾಕಿ ಉಳಿದದ್ದು ಮುಹೂರ್ತ. ನಮ್ಮಲ್ಲಿ ಗೊಬ್ಬರಕ್ಕೆ ಮುಹೂರ್ತ ಇಡುವುದು ಮಳೆ, ಮಳೆಯ ಸುದ್ದಿ ತರುವುದು ಫೋನು. ಪ್ರತಿ ಪ್ಲಾಂಟರನ ಅಂಗಳದಲ್ಲೂ ಮಳೆ ಅಳೆಯುವ ಒಂದು ಗಾಜಿನ ಕೊಳವೆ ಇರುತ್ತದೆ. ನೂರು ಸೆಂಟು ಸೇರಿದರೆ ಒಂದು ಇಂಚು. ಬೇಸಿಗೆಯಲ್ಲಿ ನಾಲ್ಕು ಹನಿ ಬಿದ್ದರೆ ಸಾಕು, ಕ್ಷೇಮಸಮಾಚಾರ ಆಮೇಲೆ, ಮೊದಲು "ನಿಮಗೆಷ್ಟು ಸೆಂಟು?" ತನ್ನ ತೋಟಕ್ಕೇ ಕಡಿಮೆ ಎಂದು ಒಪ್ಪಿಕೊಂಡವನನ್ನು ನಾನಿನ್ನೂ ನೋಡಿಲ್ಲ. ಕೊಳವೆಯನ್ನು ಬಗ್ಗಿ ನೋಡುವವರೂ ಕಡಿಮೆ.

ಸ್ಪರ್ಧೆಗೆ ವಾರವಿರುವಾಗ ಕಕ್ಕಬೆಯಿಂದ ಲೀಲಾಳ ತಮ್ಮ ದಿನೇಶ ಫೋನು ಮಾಡಿದ. "ಭಾವ, ಇಲ್ಲಿ ಒಂದಿಂಚು ಹೊಡೀತು. ಮೋಡ ಸೀದಾ ನಿಮ್ಮ ಕಡೆಗೇ ಹೊರಟಿದೆ." ನಾನು ಬಕೆಟ್ ಹಿಡಿದು ಲಾನಿಗಿಳಿದೆ. ಎಕರೆಗಟ್ಟಲೆ ಕಾಫಿಗೆ ಎರಚಿದ ಕೈ, ಅಂಗೈಯಗಲದ ಹುಲ್ಲಿಗೆ ಜಿಪುಣತನ ಮಾಡೀತೇ? ಗುಲಾಬಿಗಳಿಗೂ ಧಾರಾಳವಾಗಿ ಕೊಟ್ಟೆ. ಲೀಲಾ ಜಗಲಿಯಿಂದ, "ನೆಲ ಒಣಗಿದೆ, ಪೈಪ್ ಹಿಡೀರಿ," ಎಂದಳು. "ಮಳೆ ಬರ್ತಿರುವಾಗ ಪೈಪ್ ಹಿಡಿದು ನಿಂತರೆ ರಸ್ತೆಯಲ್ಲಿ ಹೋಗೋರು ನಗ್ತಾರೆ," ಎಂದೆ. "ಎಲ್ಲಿದೆ ಮಳೆ?" "ಕಕ್ಕಬೆ ಬಿಟ್ಟಿದೆ," ಎಂದೆ, ಬಸ್ಸಿನ ಸುದ್ದಿ ಹೇಳುವವನ ಹಾಗೆ. ಪಾಪ, ನಂಬಿದಳು.

ಕಕ್ಕಬೆ ಬಿಟ್ಟ ಮಳೆ ದಾರಿಯಲ್ಲಿ ಎಲ್ಲಿ ಇಳಿಯಿತೋ ಗೊತ್ತಿಲ್ಲ. ರಾತ್ರಿಯ ಇಬ್ಬನಿಗೆ ಯೂರಿಯಾ ಅರ್ಧಂಬರ್ಧ ಕರಗಿ ಹುಲ್ಲಿಗೆ ಅಂಟಿತು, ಉಳಿದದ್ದನ್ನು ಬಿಸಿಲು ನೋಡಿಕೊಂಡಿತು. ಎರಡು ದಿನದಲ್ಲಿ ಲಾನು ಕಾಫಿಪುಡಿ ಬಣ್ಣಕ್ಕೆ ತಿರುಗಿತು. ಆಮೇಲೆ ಪೈಪ್ ಬಿಟ್ಟು ತೋಯಿಸಿದ್ದು ಹೆಣಕ್ಕೆ ಔಷಧಿ ಕುಡಿಸಿದಂತಾಯಿತು. ಆ ಸಂಜೆ ದಿನೇಶ ಮತ್ತೆ ಫೋನು ಮಾಡಿ, "ಬಂತಾ ಭಾವ, ಎಷ್ಟು ಸೆಂಟು?" ಎಂದ. ಭಾವಮೈದುನನೆದುರು ಸೋಲಲಾದೀತೇ? "ಎಂಬತ್ತು," ಎಂದೆ. ಅದನ್ನು ಕೇಳಿಸಿಕೊಂಡ ಲೀಲಾ ತಮ್ಮನ ಹೆಂಡತಿಗೆ ಫೋನು ಮಾಡಿ ವಿಚಾರಿಸಿದಳು. ಕಕ್ಕಬೆಯಲ್ಲಿ ಬಿದ್ದ ಆ ಒಂದಿಂಚಿಗೆ ಒಣಗಲು ಹಾಕಿದ ಸೀರೆಯೂ ಪೂರ್ತಿ ನೆನೆದಿರಲಿಲ್ಲವಂತೆ.

ಸ್ಪರ್ಧೆಯ ದಿನ ತೀರ್ಪುಗಾರರು ನಮ್ಮ ಗೇಟಿನಲ್ಲೇ ನಿಂತು, "ಹುಲ್ಲೆಲ್ಲ ಸತ್ತಿದೆಯಲ್ಲ, ಇಲ್ಲಿ ಶಾಮಿಯಾನ ಹಾಕಿದ್ರಾ?" ಎಂದು ಕೇಳಿ ಕಾವೇರಮ್ಮನ ಮನೆಗೆ ಹೋದರು. ಈ ಸಲ ಸ್ಟೀಲ್ ಡಬ್ಬಿಯೂ ಇಲ್ಲ. ಲೀಲಾ ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಯಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಅವಳು ಉಳಿದಿದ್ದ ಒಂದೇ ಒಂದು ಗುಲಾಬಿ ಕೊಯ್ದಳು, ನನ್ನ ಮಳೆ ಕೊಳವೆಗೆ ಪೈಪಿನಿಂದ ನೀರು ತುಂಬಿ ಅದರಲ್ಲಿಟ್ಟಳು, ಒಳಗೆ ಹೋದಳು.

ಅಷ್ಟರಲ್ಲಿ ದಿನೇಶನ ಫೋನು. "ಭಾವ, ಇವತ್ತೆಷ್ಟು?" ನಾನು ಬಗ್ಗಿ ನೋಡಿದೆ. ನೀರು ಸರಿಯಾಗಿ ಎಂಬತ್ತರ ಗೆರೆಗೆ ನಿಂತಿತ್ತು. "ಎಂಬತ್ತು ಸೆಂಟು ಮಾರಾಯ, ಕಣ್ಣಾರೆ ನೋಡಿ ಹೇಳ್ತಿದ್ದೇನೆ," ಎಂದೆ.

"ಸುಮ್ನಿರಿ ಭಾವ, ಅಕ್ಕ ಎಲ್ಲ ಹೇಳಿದ್ದಾಳೆ," ಎಂದ.